ಆಂಬುಲೆನ್ಸ್ ದಾನ ಕೊಟ್ಟೆವು, ಚಾಲಕನ ನಿದ್ದೆಗೆ ಹೊಣೆ ಯಾರು?

ಆರೋಗ್ಯ ಕವಚ 108 ಸೇವೆಯಲ್ಲಿ ಆಂಬುಲೆನ್ಸ್ ಓಡಿಸುವವರನ್ನು ಡ್ರೈವರ್ ಎಂದು ಕರೆಯುವ ರೂಢಿಯಿಲ್ಲ. ಅವರಿಗಿರುವ ಹೆಸರು ಪೈಲಟ್. ರೋಗಿಯ ಪಕ್ಕದಲ್ಲಿ ಕುಳಿತು ಆಮ್ಲಜನಕ ಕೊಡುವ, ರಕ್ತಸ್ರಾವ ತಡೆಯುವ, ಕೆಲವೊಮ್ಮೆ ದಾರಿಯಲ್ಲೇ ಹೆರಿಗೆ ಮಾಡಿಸುವ ಸಿಬ್ಬಂದಿಗೆ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ ಎಂಬ ಹೆಸರಿದೆ. ಈ ಹೆಸರುಗಳಲ್ಲಿ ಗೌರವವಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಿಮಾನದ ಪೈಲಟ್‌ಗೆ ಈ ದೇಶದ ನಿಯಮಗಳು ಖಾತರಿಪಡಿಸಿರುವ ಒಂದು ಹಕ್ಕು ರಸ್ತೆಯ ಈ ಪೈಲಟ್‌ಗೆ ಇನ್ನೂ ದಕ್ಕಿಲ್ಲ. ಅದು ನಿದ್ದೆಯ ಹಕ್ಕು.

ವಿಮಾನದ ಪೈಲಟ್ ದಿನಕ್ಕೆ ಎಷ್ಟು ಗಂಟೆ ಹಾರಬೇಕು, ಎರಡು ಹಾರಾಟಗಳ ನಡುವೆ ಎಷ್ಟು ವಿರಾಮ ಪಡೆಯಬೇಕು ಎಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಲೆಕ್ಕ ಹಾಕಿ ನಿಗದಿಪಡಿಸುತ್ತದೆ. 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದ ಹೊಸ ನಿಯಮವು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿತು. ರಾತ್ರಿಯ ಇಳಿದಾಣಗಳ ಮಿತಿಯನ್ನು 6ರಿಂದ 2ಕ್ಕೆ ಇಳಿಸಿತು. ಅದಕ್ಕೆ ತಕ್ಕಷ್ಟು ಸಿಬ್ಬಂದಿಯನ್ನು ಸಿದ್ಧಪಡಿಸಿಕೊಳ್ಳದ ಇಂಡಿಗೋ ಸಂಸ್ಥೆ ಆ ವರ್ಷದ ಡಿಸೆಂಬರ್ ಆರಂಭದಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿದಾಗ ದೇಶದ ವಿಮಾನ ನಿಲ್ದಾಣಗಳು ಸಂತೆಯಂತಾದವು. ಸರಕಾರ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ನೀಡಿತು. ಈ ಗದ್ದಲದ ನಡುವೆಯೂ ಒಂದು ಒಳಿತಾಯಿತು. ಪೈಲಟ್‌ನ ದಣಿವು ಅವನೊಬ್ಬನ ಸಮಸ್ಯೆಯಾಗಿರದೆ ಹಿಂದೆ ಕುಳಿತ ಪ್ರತಿಯೊಬ್ಬನ ಪ್ರಾಣದ ಪ್ರಶ್ನೆ ಎಂಬುದು ಸಾಮಾನ್ಯರಿಗೂ ಮನವರಿಕೆಯಾಯಿತು.

ಕರಾವಳಿಯ ಮುಸ್ಲಿಮ್ ಕುಟುಂಬಗಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ರನ್‌ವೇ ದಾಟಿ ಕಂದಕಕ್ಕೆ ಉರುಳಿದಾಗ ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸಾವಿಗೀಡಾದರು. ಬದುಕುಳಿದವರು ಬರೇ 8 ಮಂದಿ. ಗಲ್ಫಿನಲ್ಲಿ ದುಡಿದು ಮನೆಗೆ ಮರಳುತ್ತಿದ್ದವರು, ಮದುವೆಗೆಂದು ಹೊರಟವರು, ಮರಣದ ಸುದ್ದಿ ಕೇಳಿ ಧಾವಿಸುತ್ತಿದ್ದವರು ಅದರಲ್ಲಿದ್ದರು. ಆ ದುರಂತದ ತನಿಖಾ ವರದಿ ಹೇಳಿದ್ದೇನು? ಕಾಕ್‌ಪಿಟ್‌ನ ಧ್ವನಿಮುದ್ರಣ ಯಂತ್ರದಲ್ಲಿ ಉಳಿದಿದ್ದ ಎರಡು ಗಂಟೆ ಐದು ನಿಮಿಷಗಳ ಪೈಕಿ ಮೊದಲ ಒಂದು ಗಂಟೆ ನಲವತ್ತು ನಿಮಿಷಗಳಷ್ಟು ಕಾಲ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಇಳಿಯುವುದಕ್ಕೆ ಸ್ವಲ್ಪ ಮುನ್ನ ಎಚ್ಚೆತ್ತ ಅವರ ಬುದ್ಧಿಗೆ ನಿದ್ದೆಯ ಮಂಪರು ಕವಿದಿತ್ತು. ಮರಳಿ ಮೇಲಕ್ಕೇರೋಣ ಎಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಬಾರಿ ಎಚ್ಚರಿಸಿದರೂ ಅವರು ಇಳಿಸುವ ನಿರ್ಧಾರವನ್ನು ಬದಲಿಸಲಿಲ್ಲ. ದಣಿದ ದೇಹ ಮತ್ತು ಮಂಕಾದ ವಿವೇಕ ಎಂತಹ ಬೆಲೆ ಕೇಳುತ್ತದೆ ಎಂಬುದನ್ನು ಆ ಮುಂಜಾನೆ ನಮಗೆ ಕಲಿಸಿದೆ.

ಹಾಗಿದ್ದರೂ ಆಂಬುಲೆನ್ಸ್ ನಮ್ಮ ಮನೆಯ ಮುಂದೆ ಬಂದು ನಿಂತಾಗ ನಾವು ಕೇಳುವ ಪ್ರಶ್ನೆಗಳಾವುವು? ಆಮ್ಲಜನಕದ ಸಿಲಿಂಡರ್ ಇದೆಯೇ? ವೆಂಟಿಲೇಟರ್ ಇದೆಯೇ? ಎಷ್ಟು ನಿಮಿಷದಲ್ಲಿ ತಲುಪುತ್ತೀರಿ? ಅದನ್ನು ನಡೆಸುವ ಮನುಷ್ಯ ಕೊನೆಯ ಬಾರಿ ಮಲಗಿದ್ದು ಯಾವಾಗ ಎಂದು ನಾವು ಕೇಳಿದ್ದಿದೆಯೇ?

ಕರ್ನಾಟಕದಲ್ಲಿ 108 ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ನೆರೆಯ ಆಂಧ್ರಪ್ರದೇಶದಲ್ಲಿ ಅದು 2005ರಲ್ಲೇ ಶುರುವಾಗಿತ್ತು. ಹಳ್ಳಿಯ ಬಾಣಂತಿಗೂ ಹೆದ್ದಾರಿಯ ಗಾಯಾಳುವಿಗೂ ಒಂದೇ ದೂರವಾಣಿ ಕರೆಯ ದೂರದಲ್ಲಿ ನೆರವು ಸಿಗುವಂತೆ ಮಾಡಿದ ಈ ಸೇವೆಯನ್ನು ಯಾರೂ ಕಡೆಗಣಿಸುವಂತಿಲ್ಲ. ಆದರೆ ಈ ಸೇವೆ ನಿಂತಿರುವುದು 12 ಗಂಟೆಗಳ ಪಾಳಿಯ ಮೇಲೆ. ವಾರಕ್ಕೆ ಆರು ದಿನವೆಂದರೆ 72 ಗಂಟೆ. ಪಾಳಿ ಮುಗಿಯಲು ಹತ್ತು ನಿಮಿಷವಿರುವಾಗ ಕರೆ ಬಂದರೆ ವಾಹನವನ್ನು ತಿರುಗಿಸಿಕೊಂಡು ಹೋಗಲೇಬೇಕು; ಆ ರೋಗಿಯನ್ನು ಜಿಲ್ಲಾಸ್ಪತ್ರೆಗೆ ಸೇರಿಸಿ, ವಾಹನ ಶುಚಿಗೊಳಿಸಿ, ದಾಖಲೆ ಬರೆದು ಮನೆ ಸೇರುವಾಗ 12 ಗಂಟೆ 14 ಗಂಟೆಯಾಗಿರುತ್ತದೆ. ವೇತನ ಬಾಕಿಗಾಗಿ, ದುಡಿಮೆಯ ಅವಧಿಗಾಗಿ ಈ ಸಿಬ್ಬಂದಿ ಹಲವು ಬಾರಿ ಬೀದಿಗಿಳಿದಿದ್ದಾರೆ. ಆಗೆಲ್ಲ ಚರ್ಚೆಯಾಗುವುದು ರೋಗಿಗಳಿಗಾಗುವ ತೊಂದರೆಯ ಬಗ್ಗೆ. ನಿದ್ದೆಗೆಟ್ಟ ಸಿಬ್ಬಂದಿಯಿಂದ ರೋಗಿಗಳಿಗೆ ಪ್ರತಿದಿನ ಎದುರಾಗುವ ಅಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಈ ಅಪಾಯ ಕಲ್ಪಿತವಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ನಿದ್ದೆಗೆಟ್ಟವರನ್ನೂ ಮದ್ಯ ಸೇವಿಸಿದವರನ್ನೂ ಒಂದೇ ಪರೀಕ್ಷೆಗೆ ಒಡ್ಡಿದರು. 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಕುಸಿದಿತ್ತು. 24 ಗಂಟೆ ಎಚ್ಚರವಿದ್ದವರದ್ದು ಶೇ. 0.10ರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು, ಅಂದರೆ ಶೇ. 0.03ಕ್ಕಿಂತ ಹೆಚ್ಚು ಮದ್ಯವಿದ್ದರೆ ಚಾಲಕ ಅಪರಾಧಿ. ಬೆಳಗ್ಗೆ ಸುಬುಹ್ ನಮಾಝ್‌ಗೆ ಐದು ಗಂಟೆಗೆ ಎದ್ದ ಚಾಲಕ ರಾತ್ರಿ ಹತ್ತು ಗಂಟೆ ದಾಟಿದ ಮೇಲೆಯೂ ಸ್ಟಿಯರಿಂಗ್ ಹಿಡಿದಿದ್ದಾನೆಂದರೆ ಅವನ ದೇಹ ಆ ಮಿತಿಯನ್ನು ಮೀರಿದೆ ಎಂದೇ ಅರ್ಥ. ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟದ, ಮುಟ್ಟುವುದನ್ನು ಹರಾಮ್ ಎಂದು ನಂಬಿರುವ ಯುವಕನನ್ನು ನಾವು ಅಮಲೇರಿದವನ ಸ್ಥಿತಿಯಲ್ಲಿ ರಸ್ತೆಗಿಳಿಸುತ್ತಿದ್ದೇವೆ. ಅವನನ್ನು ತಡೆಯಲು ಪೊಲೀಸರ ಬಳಿ ಯಂತ್ರವಿಲ್ಲ, ನಿದ್ದೆಗೆ ವಾಸನೆಯಿಲ್ಲ.

ನಿದ್ದೆ ಸಾಲದಾದಾಗ ಮೆದುಳು ತಾನಾಗಿಯೇ ಕೆಲವು ಸೆಕೆಂಡುಗಳ ಕಾಲ ಮುಚ್ಚಿಕೊಳ್ಳುತ್ತದೆ. ಕಣ್ಣು ತೆರೆದಿದ್ದರೂ ಕಾಣಿಸದ ಸ್ಥಿತಿ ಅದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿನ ಮಂಪರಿನಲ್ಲಿ ಅದು ಸುಮಾರು 90 ಮೀಟರ್ ದೂರವನ್ನು ಚಾಲಕನಿಲ್ಲದೆಯೇ ಕ್ರಮಿಸುತ್ತದೆ. ರಾತ್ರಿ ಎರಡರಿಂದ ಮುಂಜಾನೆ ಆರರವರೆಗೆ ದೇಹ ನಿದ್ದೆಯನ್ನು ಅತಿ ಹೆಚ್ಚು ಬಯಸುವ ಹೊತ್ತು. ಹಗಲು ಮಲಗಿದರಾಯಿತು ಎಂಬ ವಾದವೂ ಪೂರ್ಣ ನಿಜವಲ್ಲ. ಬೆಳಕು, ಸೆಕೆ, ಬೀದಿಯ ಸದ್ದು, ಮನೆಯ ಕೆಲಸಗಳ ನಡುವೆ ಹಗಲಿನ ನಿದ್ದೆ ರಾತ್ರಿಯದರಷ್ಟು ದೀರ್ಘವೂ ಆಳವೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲೇ ರಾತ್ರಿ ಪಾಳಿಯನ್ನು ಕ್ಯಾನ್ಸರ್‌ಗೆ ಸಂಭಾವ್ಯ ಕಾರಣಗಳ ಪಟ್ಟಿಯಲ್ಲಿ ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟೂ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟೂ ಹೆಚ್ಚು. ನಮ್ಮವರು ದುಡಿಯುತ್ತಿರುವುದು 72 ಗಂಟೆ. ಇತರರ ಹೃದಯಾಘಾತಕ್ಕೆ ಓಡೋಡಿ ಬರುವವನ ಹೃದಯವನ್ನು ನಾವು ಸದ್ದಿಲ್ಲದೆ ಸವೆಸುತ್ತಿದ್ದೇವೆ.

ಇನ್ನು ಹಿಂಬದಿಯಲ್ಲಿ ರೋಗಿಯ ಜೊತೆ ಕುಳಿತಿರುವವರ ಪಾಡು. ಔಷಧದ ಪ್ರಮಾಣ ಲೆಕ್ಕ ಹಾಕಬೇಕು, ಓಲಾಡುವ ವಾಹನದಲ್ಲಿ ನರ ಹುಡುಕಿ ಸೂಜಿ ಚುಚ್ಚಬೇಕು, ಉಸಿರು ನಿಲ್ಲುವ ಮುನ್ಸೂಚನೆಯನ್ನು ಗುರುತಿಸಬೇಕು. 2012ರಲ್ಲಿ ಅಮೆರಿಕದಲ್ಲಿ ಐನೂರಕ್ಕೂ ಹೆಚ್ಚು ಆಂಬುಲೆನ್ಸ್ ಸಿಬ್ಬಂದಿಯನ್ನು ಒಳಗೊಂಡ ಸಮೀಕ್ಷೆಯೊಂದು ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತೀವ್ರ ದಣಿವಿನಿಂದ ಬಳಲುತ್ತಿದ್ದರು. ಹಾಗೆ ದಣಿದವರು ಸ್ವತಃ ಗಾಯಗೊಳ್ಳುವ ಸಾಧ್ಯತೆಯೂ, ಚಿಕಿತ್ಸೆಯಲ್ಲಿ ತಪ್ಪು ಮಾಡುವ ಸಾಧ್ಯತೆಯೂ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಆ ದೇಶದ ತಜ್ಞರು 2018ರಲ್ಲಿ ಮಾರ್ಗಸೂಚಿ ಸಿದ್ಧಪಡಿಸಿ, ಪಾಳಿ 24 ಗಂಟೆಗಿಂತ ಕಡಿಮೆ ಇರಲಿ, ಪಾಳಿಯ ನಡುವೆ ಸ್ವಲ್ಪ ಹೊತ್ತು ಮಲಗಲು ಅವಕಾಶವಿರಲಿ, ದಣಿವನ್ನು ಅಳೆಯುವ ಮತ್ತು ಅದರ ಬಗ್ಗೆ ತಿಳಿವಳಿಕೆ ನೀಡುವ ವ್ಯವಸ್ಥೆಯಿರಲಿ ಎಂದು ಶಿಫಾರಸು ಮಾಡಿದರು. ಇವುಗಳಿಗೆ ಕೋಟಿಗಟ್ಟಲೆ ಹಣವೇನೂ ಬೇಕಾಗಿಲ್ಲ. ದಣಿವನ್ನು ದಣಿವೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಬೇಕು.

ಆದರೆ ನಮ್ಮ ದೇಶದ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಚಾಲಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಸಾಮಾನ್ಯ ಮಿತಿಯನ್ನು ಹಾಕಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ದಿನಕ್ಕೆ 8 ಗಂಟೆ ಎಂದೇ ಹೇಳುತ್ತದೆ. ಆದರೆ ಹಳೆಯ ಕಾಯ್ದೆ ಐದು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗೂ ಅನ್ವಯಿಸುತ್ತಿತ್ತು. ಹೊಸ ಸಂಹಿತೆಗೆ ಹತ್ತು ಮಂದಿ ಬೇಕು. ಈ ಮಧ್ಯೆ 2023ರಲ್ಲಿ ಕರ್ನಾಟಕದ ಅಂದಿನ ಬಿಜೆಪಿ ಸರಕಾರ ಕಾರ್ಖಾನೆಗಳಲ್ಲಿ 12 ಗಂಟೆಗಳ ದುಡಿಮೆಗೆ ದಾರಿ ಮಾಡಿಕೊಡುವ ತಿದ್ದುಪಡಿ ತಂದಿತು. ಅದೇ ವರ್ಷ ಬೆಂಗಳೂರಿನ ಖ್ಯಾತ ಉದ್ಯಮಿಯೊಬ್ಬರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು; 2025ರ ಆರಂಭದಲ್ಲಿ ಇನ್ನೊಂದು ದೊಡ್ಡ ಕಂಪೆನಿಯ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿದರು. ಟಿ.ವಿ. ಚಾನೆಲ್‌ಗಳು ಇದನ್ನು ಹೊಸ ವಿಚಾರವೆಂಬಂತೆ ವಾರಗಟ್ಟಲೆ ಚರ್ಚಿಸಿದವು. ಆಂಬುಲೆನ್ಸ್ ಸಿಬ್ಬಂದಿ ವರ್ಷಗಳಿಂದ 72 ಗಂಟೆ ದುಡಿಯುತ್ತಿದ್ದಾರೆ ಎಂಬುದು ಆ ಚರ್ಚೆಗಳಲ್ಲಿ ಬರಲೇ ಇಲ್ಲ. ಏಕೆಂದರೆ ಅವರು ಆ ಹೊತ್ತಿಗೆ ಒಂದೋ ರಸ್ತೆಯಲ್ಲಿದ್ದರು, ಇಲ್ಲವೇ ಕುಳಿತಲ್ಲೇ ತೂಕಡಿಸುತ್ತಿದ್ದರು.

ಸರಕಾರ ಮಾಡಬೇಕಾದದ್ದು ಸ್ಪಷ್ಟವಾಗಿದೆ. 108 ಸೇವೆಯನ್ನು ಯಾರೇ ನಡೆಸಲಿ, ಎಂಟು ಗಂಟೆಗಳ ಮೂರು ಪಾಳಿಗಳನ್ನು ಅದರ ಷರತ್ತಾಗಿಸಬೇಕು. ಎಷ್ಟು ಆಂಬುಲೆನ್ಸ್‌ಗಳಿಗೆ ಹಸಿರು ನಿಶಾನೆ ತೋರಿಸಲಾಯಿತು ಎಂಬ ಲೆಕ್ಕದ ಜೊತೆಗೆ ಪ್ರತಿ ವಾಹನಕ್ಕೆ ಎಷ್ಟು ಸಿಬ್ಬಂದಿ ಎಂಬ ಲೆಕ್ಕವನ್ನೂ ವಿಧಾನಸಭೆಯಲ್ಲಿ ಮಂಡಿಸಬೇಕು. ನಮ್ಮ ಶಾಸಕರನ್ನು ಈ ಪ್ರಶ್ನೆ ಕೇಳುವಂತೆ ಒತ್ತಾಯಿಸುವುದು ನಾಗರಿಕರಾಗಿ ನಮ್ಮ ಹೊಣೆ.

ಆದರೆ ಸರಕಾರವನ್ನು ದೂರಿ ಸುಮ್ಮನಾಗುವ ಅವಕಾಶ ನಮಗಿಲ್ಲ. ಸ್ವತಃ ನಮ್ಮ ಜಮಾಅತ್‌ಗಳು, ಯುವಕ ಸಂಘಗಳು, ಅನಿವಾಸಿಗಳ ಸಂಘಟನೆಗಳು ಹಲವು ಊರುಗಳಲ್ಲಿ ಆಂಬುಲೆನ್ಸ್ ನಡೆಸುತ್ತಿವೆ. ಈ ಸೇವೆಯ ಬಗ್ಗೆ ನಮಗೆ ಹೆಮ್ಮೆಯಿದೆ, ಇರಬೇಕಾದದ್ದೇ. 2019ರ ಏಪ್ರಿಲ್‌ನಲ್ಲಿ ಹೃದಯದ ತೊಂದರೆಯಿದ್ದ ಹದಿನೈದು ದಿನಗಳ ಹಸುಳೆಯನ್ನು ಮಂಗಳೂರಿನಿಂದ ಕೊಚ್ಚಿಗೆ ಸುಮಾರು 400 ಕಿಲೋಮೀಟರ್ ದೂರವನ್ನು ಐದೂವರೆ ಗಂಟೆಗಳಲ್ಲಿ ಕ್ರಮಿಸಿ ತಲುಪಿಸಿದಾಗ, 2020ರ ಫೆಬ್ರವರಿಯಲ್ಲಿ ನಲವತ್ತು ದಿನಗಳ ಇನ್ನೊಂದು ಮಗುವನ್ನು ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ಕರೆದೊಯ್ದಾಗ ಸ್ಟಿಯರಿಂಗ್ ಹಿಡಿದಿದ್ದವರು ನಮ್ಮದೇ ಸಮುದಾಯದ ಯುವಕರು. ದಾರಿಯುದ್ದಕ್ಕೂ ಎಲ್ಲ ಧರ್ಮೀಯರೂ ರಸ್ತೆ ತೆರವುಗೊಳಿಸಿ ಪ್ರಾರ್ಥಿಸಿದರು. ಕೊರೋನಾ ಕಾಲದಲ್ಲಿ ಸ್ವಂತ ಬಂಧುಗಳೇ ಹತ್ತಿರ ಬರಲು ಅಂಜಿದ ಶವಗಳನ್ನು ಆಂಬುಲೆನ್ಸ್‌ನಲ್ಲಿ ಒಯ್ದು, ಅವರವರ ಧರ್ಮದ ಪ್ರಕಾರ ದಫನವನ್ನೋ ದಹನವನ್ನೋ ನೆರವೇರಿಸಿದವರಲ್ಲಿ ಮುಸ್ಲಿಮ್ ಯುವಕರು ಮುಂಚೂಣಿಯಲ್ಲಿದ್ದರು. ದ್ವೇಷದ ಅಬ್ಬರದ ನಡುವೆ ಅದು ಈ ಸಮುದಾಯ ಕೊಟ್ಟ ಮೌನ ಉತ್ತರವಾಗಿತ್ತು.

ಈ ಹೆಮ್ಮೆಯೇ ನಮ್ಮನ್ನು ಒಂದು ಪ್ರಶ್ನೆಯಿಂದ ತಪ್ಪಿಸುತ್ತಿದೆ. ಆ ಮಗುವನ್ನು ತಲುಪಿಸಿದ ಚಾಲಕನನ್ನು ಹೆಗಲ ಮೇಲೆ ಹೊತ್ತೆವು, ಶಾಲು ಹೊದಿಸಿದೆವು, ವೀಡಿಯೋ ಹಂಚಿದೆವು. ಅಂತಹ ಓಟ ಮುಗಿಸಿದವನು ಮರಳುವ ಮುನ್ನ ಎಲ್ಲಿ ಮಲಗುತ್ತಾನೆ, ಮರುದಿನದ ಕರೆಗೆ ಯಾರು ಹೋಗುತ್ತಾರೆ ಎಂದು ವಿಚಾರಿಸುವುದು ನಮ್ಮ ಅಭ್ಯಾಸದಲ್ಲಿಲ್ಲ. ನಮ್ಮಲ್ಲಿ ಆಂಬುಲೆನ್ಸ್ ಹೇಗೆ ಬರುತ್ತದೆ ಎಂಬುದನ್ನು ಗಮನಿಸಿ. ದಾನಿಯೊಬ್ಬರು ಮುಂದೆ ಬರುತ್ತಾರೆ. ವಾಹನದ ಮೇಲೆ ಅಗಲಿದ ತಂದೆಯ ಹೆಸರು ಬರೆಯಲಾಗುತ್ತದೆ. ಉಸ್ತಾದರ ದುಆ, ಗಣ್ಯರ ಭಾಷಣ, ಕೀಲಿಕೈ ಹಸ್ತಾಂತರ, ಪತ್ರಿಕೆಯಲ್ಲಿ ಚಿತ್ರ. ದಿನದ 24 ಗಂಟೆಯೂ ಉಚಿತ ಸೇವೆ ಎಂದು ಬಾಗಿಲ ಮೇಲೆ ಬರೆಸಿ ಒಂದು ಮೊಬೈಲ್ ಸಂಖ್ಯೆ ಹಾಕಲಾಗುತ್ತದೆ. ಆ ಸಂಖ್ಯೆ ಬಹಳ ಕಡೆ ಒಬ್ಬನೇ ಒಬ್ಬ ಚಾಲಕನದ್ದು. ಹಗಲು ಅವನೇ, ರಾತ್ರಿ ಅವನೇ, ಶುಕ್ರವಾರವೂ ಅವನೇ, ಪೆರ್ನಾಳಿನ ದಿನವೂ ಅವನೇ.

ಒಂದು ಸರಳ ಲೆಕ್ಕ ಮಾಡೋಣ. ವಾರದಲ್ಲಿ 168 ಗಂಟೆಗಳಿವೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿಯಬಹುದೆಂಬುದು ಕಾನೂನು ಒಪ್ಪಿರುವ ಮಿತಿ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ ಬರುತ್ತದೆ. ರಜೆ, ಕಾಯಿಲೆ, ಮನೆಯ ಕಾರ್ಯಕ್ರಮಗಳನ್ನು ಸೇರಿಸಿದರೆ 24 ಗಂಟೆಯೂ ಸಜ್ಜಾಗಿರುವ ಒಂದು ಆಂಬುಲೆನ್ಸ್‌ಗೆ ನಾಲ್ವರು ಚಾಲಕರು ಬೇಕು. ನಾವು ಒಬ್ಬನನ್ನು ನೇಮಿಸಿ ನಾಲ್ವರ ಸೇವೆಯನ್ನು ಘೋಷಿಸಿದ್ದೇವೆ. ಉಳಿದ ಮೂವರ ಸಂಬಳವನ್ನು ಪಾವತಿಸುತ್ತಿರುವವರು ಯಾರು? ತನ್ನ ನಿದ್ದೆಯ ಮೂಲಕ, ಆರೋಗ್ಯದ ಮೂಲಕ, ತಂದೆ ಬಳಿ ಕುಳಿತು ಮಾತಾಡಲು ಕಾಯುತ್ತಿರುವ ಮಕ್ಕಳ ಪಾಲಿನ ಸಮಯದ ಮೂಲಕ ಆ ಚಾಲಕನೇ ಪಾವತಿಸುತ್ತಿದ್ದಾನೆ. ದಾನದ ಪುಣ್ಯ ಜಮಾಅತ್‌ನ ಹೆಸರಲ್ಲಿ ಬರೆಯಲ್ಪಡುತ್ತಿದೆ. ಅದರ ಬಹುಪಾಲನ್ನು ತೆತ್ತವನ ಹೆಸರು ವಾಹನದ ಮೇಲಿಲ್ಲ.

ಆಸ್ಪತ್ರೆಗಳ ಗೇಟಿನ ಮುಂದೆ ನಿಲ್ಲುವ ಖಾಸಗಿ ಆಂಬುಲೆನ್ಸ್ ಚಾಲಕರ ಸ್ಥಿತಿ ಇದಕ್ಕಿಂತಲೂ ಕಠಿಣ. ಅವರಲ್ಲಿ ಅನೇಕರಿಗೆ ಓಟವಿದ್ದರೆ ಮಾತ್ರ ಸಂಪಾದನೆ. ಮಲಗುವೆನೆಂದು ಕರೆಯನ್ನು ನಿರಾಕರಿಸಿದರೆ ಆ ದಿನದ ಅಕ್ಕಿಗೆ ಕುತ್ತು. ಅಂಥವನು ಸ್ಟ್ರೆಚರಿನ ಮೇಲೆಯೇ ಒಂದಿಷ್ಟು ಹೊತ್ತು ಒರಗಿ, ಮುಖಕ್ಕೆ ನೀರು ಹಾಕಿ, ಚಹಾ ಕುಡಿದು ಹೊರಡುತ್ತಾನೆ.

ಇಸ್ಲಾಮ್ ಈ ವಿಷಯದಲ್ಲಿ ಏನು ಹೇಳುತ್ತದೆ? ಒಂದು ಜೀವವನ್ನು ಉಳಿಸುವುದನ್ನು ಕುರ್‌ಆನ್ ಸಮಸ್ತ ಮಾನವಕುಲವನ್ನು ಉಳಿಸುವುದಕ್ಕೆ ಸಮಾನವೆಂದು ಪರಿಗಣಿಸಿದೆ. ಆಂಬುಲೆನ್ಸ್ ಉದ್ಘಾಟನೆಗಳಲ್ಲೆಲ್ಲ ನಾವು ಇದನ್ನು ಕೇಳುತ್ತೇವೆ. ಆದರೆ ಅದೇ ಕುರ್‌ಆನ್ ನಿದ್ದೆಯನ್ನು ಅಲ್ಲಾಹನ ನಿದರ್ಶನಗಳಲ್ಲಿ ಒಂದಾಗಿ, ಮನುಷ್ಯನಿಗೆ ಅವನು ಕೊಟ್ಟ ವಿಶ್ರಾಂತಿಯಾಗಿ ಪರಿಚಯಿಸಿದೆ. ಚಾಲಕನ ಜೀವವೂ ಆ ಒಂದು ಜೀವದ ಲೆಕ್ಕದಲ್ಲಿ ಸೇರಿದೆ ಎಂಬುದನ್ನು ಉದ್ಘಾಟನಾ ಭಾಷಣಗಳು ಮರೆಯುತ್ತವೆ. ರಾತ್ರಿಯಿಡೀ ನಮಾಝ್ ಮಾಡುತ್ತಾ ಹಗಲಿಡೀ ಉಪವಾಸವಿರುತ್ತಿದ್ದ ಅಬುದ್ದರ್ದಾ(ರ)ರನ್ನು ಸಲ್ಮಾನ್ ಫಾರ್ಸಿ(ರ) ಒತ್ತಾಯದಿಂದ ಮಲಗಿಸಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ದೇಹಕ್ಕೂ ಮನೆಯವರಿಗೂ ಹಕ್ಕುಗಳಿವೆ ಎಂಬುದು ಸಲ್ಮಾನರ ವಾದವಾಗಿತ್ತು. ಪ್ರವಾದಿ(ಸ) ಅವರು ಸಲ್ಮಾನರ ಮಾತನ್ನೇ ಎತ್ತಿಹಿಡಿದರು. ಮಸೀದಿಯ ಎರಡು ಕಂಬಗಳ ನಡುವೆ ಕಟ್ಟಿದ್ದ ಹಗ್ಗವನ್ನು ಕಂಡು ಪ್ರವಾದಿ(ಸ) ವಿಚಾರಿಸಿದಾಗ, ನಮಾಝ್‌ನಲ್ಲಿ ದಣಿವಾದಾಗ ಝೈನಬ್(ರ) ಅದನ್ನು ಹಿಡಿದುಕೊಳ್ಳುತ್ತಾರೆ ಎಂಬ ಉತ್ತರ ಬಂತು. ಹಗ್ಗವನ್ನು ಬಿಚ್ಚಲು ಹೇಳಿದ ಪ್ರವಾದಿ(ಸ), ಉತ್ಸಾಹವಿರುವಷ್ಟು ಹೊತ್ತು ನಮಾಝ್ ಮಾಡಿ, ದಣಿದರೆ ಕುಳಿತುಕೊಳ್ಳಬೇಕೆಂದು ಕಲಿಸಿದರು. ತೂಕಡಿಕೆ ಬಂದರೆ ಐಚ್ಛಿಕ ನಮಾಝನ್ನು ನಿಲ್ಲಿಸಿ ಮಲಗಬೇಕೆಂಬ ಬೋಧನೆಯೂ ಇದೆ. ಅದಕ್ಕೆ ಕೊಟ್ಟ ಕಾರಣ ಗಮನಾರ್ಹ: ತೂಕಡಿಸುವವನು ಕ್ಷಮೆ ಯಾಚಿಸುತ್ತಿದ್ದೇನೆಂದು ಭಾವಿಸಿ ತನ್ನನ್ನೇ ಶಪಿಸಿಕೊಳ್ಳಬಹುದು. ಅಲ್ಲಾಹನ ಮುಂದೆ ನಿಂತವನ ನಾಲಗೆಯೇ ತೂಕಡಿಕೆಯಲ್ಲಿ ತಪ್ಪಬಹುದಾದರೆ ಹೆದ್ದಾರಿಯಲ್ಲಿ ರೋಗಿಯನ್ನು ಹೊತ್ತವನ ಕೈ ತಪ್ಪುವುದಿಲ್ಲವೇ? ಕೈಕೆಳಗಿನವರ ಮೇಲೆ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ಅವರಿಗೆ ನೆರವಾಗಬೇಕು ಎಂಬ ಪ್ರವಾದಿ ಬೋಧನೆಯು ಜಮಾಅತ್ ಕಮಿಟಿಗಳಿಗೂ ಅನ್ವಯಿಸುತ್ತದೆ. ಕಾನೂನಿನ ಕಣ್ಣಿಗೆ ಬೀಳದ ಒಬ್ಬನೇ ಚಾಲಕನ ವಿಷಯದಲ್ಲಿ ನಮ್ಮನ್ನು ಪ್ರಶ್ನಿಸುವ ಅಧಿಕಾರಿ ಇಲ್ಲದಿರಬಹುದು. ಪರಲೋಕದ ವಿಚಾರಣೆಗೆ ಕಾರ್ಮಿಕರ ಸಂಖ್ಯೆಯ ಮಿತಿಯಿಲ್ಲ.

ಸಾವು ಬದುಕಿನ ಹೋರಾಟದಲ್ಲಿ ಗಂಟೆ ಎಣಿಸಲಾಗುತ್ತದೆಯೇ ಎಂದು ಕೆಲವರು ಕೇಳಬಹುದು. ರೋಗಿಗೆ ಅದು ಅನಿರೀಕ್ಷಿತ. ಸಂಸ್ಥೆಗೆ ಅದು ಅನಿರೀಕ್ಷಿತವಲ್ಲ. ಪ್ರತಿ ರಾತ್ರಿ ಯಾರಾದರೊಬ್ಬರು ಕರೆಯುತ್ತಾರೆ ಎಂಬುದು ಆಂಬುಲೆನ್ಸ್ ನಡೆಸುವವರಿಗೆ ಖಚಿತವಾಗಿ ಗೊತ್ತು. ಗೊತ್ತಿರುವುದಕ್ಕೆ ಸಿದ್ಧತೆ ಮಾಡಿಕೊಳ್ಳದೆ ತ್ಯಾಗದ ಹೆಸರು ಹೇಳುವುದು ನ್ಯಾಯವಲ್ಲ. ತ್ಯಾಗವನ್ನು ಮನುಷ್ಯ ತಾನಾಗಿ ಮಾಡಬಹುದು; ಇನ್ನೊಬ್ಬನಿಂದ ದಿನನಿತ್ಯ ವಸೂಲಿ ಮಾಡುವಂತಿಲ್ಲ.

ಹಣವೆಲ್ಲಿದೆ ಎಂಬ ಪ್ರಶ್ನೆಗೂ ಉತ್ತರವಿದೆ. ಒಂದೇ ಪೇಟೆಯಲ್ಲಿ ಮೂರು ಸಂಘಟನೆಗಳ ಮೂರು ಆಂಬುಲೆನ್ಸ್‌ಗಳು, ಮೂವರು ನಿದ್ದೆಗೆಟ್ಟ ಚಾಲಕರು ಇರುವ ಊರುಗಳಿವೆ. ಹಗಲು ಎರಡು ವಾಹನಗಳು ಸುಮ್ಮನೆ ನಿಂತಿರುತ್ತವೆ. ರಾತ್ರಿ ಮೂವರೂ ಎಚ್ಚರವಿರುತ್ತಾರೆ. ಈ ಸಂಘಟನೆಗಳು ಒಂದೆಡೆ ಕುಳಿತು ಒಂದೇ ಸಂಖ್ಯೆ, ಒಂದೇ ಪಾಳಿಪಟ್ಟಿ ಮಾಡಿಕೊಂಡರೆ ಒಂದು ರೂಪಾಯಿ ಹೆಚ್ಚುವರಿ ಖರ್ಚಿಲ್ಲದೆ ಪ್ರತಿಯೊಬ್ಬ ಚಾಲಕನಿಗೂ ಎರಡು ರಾತ್ರಿಯ ನಿದ್ದೆ ಮರಳಿ ಸಿಗುತ್ತದೆ. ಚಂದ್ರದರ್ಶನದಲ್ಲಿ, ಮಸೀದಿಯ ಆಡಳಿತದಲ್ಲಿ ಭಿನ್ನಾಭಿಪ್ರಾಯ ಇರಲಿ. ರೋಗಿಯನ್ನು ಸಾಗಿಸುವುದರಲ್ಲಿ ಯಾವ ಭಿನ್ನಾಭಿಪ್ರಾಯ? ಹೊಸ ಆಂಬುಲೆನ್ಸ್ ಕೊಡಬಯಸುವ ದಾನಿಗಳು ಇರುವ ಆಂಬುಲೆನ್ಸ್‌ಗೆ ಎರಡನೆಯ ಚಾಲಕನ ಸಂಬಳವನ್ನು ಕೊಡಲಿ. ಅದರ ಮೇಲೆ ಹೆಸರು ಬರೆಸಲಾಗದು, ನಿಜ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತಿರುವ ದಾನಕ್ಕೆ ಇಸ್ಲಾಮ್ ಕೊಟ್ಟಿರುವ ಸ್ಥಾನ ನಮಗೆ ಗೊತ್ತೇ ಇದೆ. ಇಷ್ಟೂ ಸಾಧ್ಯವಾಗದಿದ್ದರೆ ರಾತ್ರಿ ಹತ್ತರವರೆಗೆ ಮಾತ್ರ ಸೇವೆ ಎಂದು ಬಾಗಿಲ ಮೇಲೆ ಪ್ರಾಮಾಣಿಕವಾಗಿ ಬರೆಸಿ, ನಂತರದ ಕರೆಗಳನ್ನು 108ಕ್ಕೆ ಒಪ್ಪಿಸುವುದು ಲೇಸು.

ಜಮಾಅತ್ ಕಮಿಟಿಗಳು ಈ ಕೆಲವು ನಿಯಮಗಳನ್ನು ಮುಂದಿನ ಸಭೆಯಲ್ಲೇ ಅಂಗೀಕರಿಸಬಹುದು. ರಾತ್ರಿ ಓಟ ಮುಗಿಸಿದ ಚಾಲಕನಿಗೆ ಮರುದಿನ ಎಂಟು ಗಂಟೆಗಳ ನಿದ್ದೆಯಾಗುವವರೆಗೆ ಕರೆ ಹೋಗಕೂಡದು. 200 ಕಿಲೋಮೀಟರ್‌ಗಿಂತ ದೂರದ ಓಟಕ್ಕೆ ಇಬ್ಬರು ಚಾಲಕರಿರಬೇಕು. ಬೆಂಗಳೂರಿಗೋ ಕೊಚ್ಚಿಗೋ ಹೋದವನು ಅಲ್ಲಿ ಮಲಗಿಯೇ ಮರಳಬೇಕು. ಆ ಕೋಣೆಯ ಬಾಡಿಗೆ ಓಟದ ವೆಚ್ಚದಲ್ಲಿ ಸೇರಿರಬೇಕು. ನಿದ್ದೆ ಬರುತ್ತಿದೆ ಎಂದು ಚಾಲಕ ಹೇಳಿದರೆ ಅದನ್ನು ಸೋಮಾರಿತನವೆಂದು ಯಾರೂ ಕರೆಯಕೂಡದು. ರಮಝಾನ್‌ನಲ್ಲಿ ತರಾವೀಹ್ ಮತ್ತು ಸಹರಿಯ ನಡುವೆ ನಿದ್ದೆ ಇನ್ನಷ್ಟು ಮೊಟಕಾಗುವುದರಿಂದ ಆ ತಿಂಗಳಿಗೆ ಪಾಳಿಯನ್ನು ಬೇರೆಯಾಗಿಯೇ ರೂಪಿಸಬೇಕು.

ಕುಟುಂಬಗಳಾಗಿ ನಮಗೂ ಪಾಲಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಯನ್ನು ಬೆಳಗ್ಗೆ ಮನೆಗೆ ಕರೆತರಬಹುದಾದಾಗ ನಡುರಾತ್ರಿ ಆಂಬುಲೆನ್ಸ್ ಕರೆಯುವುದು ಬೇಡ. ಮಯ್ಯಿತ್ತನ್ನು ಬೇಗನೆ ದಫನ ಮಾಡುವುದು ಸುನ್ನತ್ ಎಂಬುದು ಸರಿ. ಆದರೆ ಅದಕ್ಕಾಗಿ ಹಗಲಿಡೀ ದುಡಿದವನನ್ನು ರಾತ್ರಿಯಿಡೀ ಘಾಟಿಯಲ್ಲಿ ಓಡಿಸಿ ಇನ್ನೊಂದು ಮಯ್ಯಿತ್ತಿಗೆ ಕಾರಣವಾಗಬಾರದು. ಪಕ್ಕದಲ್ಲಿ ಕುಳಿತು ಬೇಗ, ಬೇಗ ಎಂದು ಒತ್ತಡ ಹಾಕುವ ಬದಲು ಅವನೊಂದಿಗೆ ಎಚ್ಚರವಿದ್ದು ಮಾತಾಡುತ್ತಿರೋಣ. ತಲುಪಿದ ಮೇಲೆ ನಮ್ಮ ರೋಗಿಯನ್ನು ಒಳಗೆ ಸೇರಿಸಿ ಅವನನ್ನು ಮರೆಯುವ ಬದಲು, ಊಟವಾಯಿತೇ, ಮಲಗಲು ಜಾಗವಿದೆಯೇ ಎಂದು ಒಬ್ಬರಾದರೂ ವಿಚಾರಿಸೋಣ. ನೆರೆಮನೆಯಲ್ಲಿ ಆಂಬುಲೆನ್ಸ್ ಚಾಲಕನೊಬ್ಬ ಹಗಲು ಮಲಗಿದ್ದಾನೆಂದು ತಿಳಿದಾಗ ಧ್ವನಿವರ್ಧಕದ ಸದ್ದನ್ನು ತಗ್ಗಿಸುವುದೂ ಒಂದು ಸದಕವೇ.

ಇಂದು ರಾತ್ರಿಯೂ ಯಾವುದೋ ಊರಿನಲ್ಲಿ ಆ ಮೊಬೈಲ್ ಬಡಿದುಕೊಳ್ಳಲಿದೆ. ಕರೆಯುವವರು ನಮ್ಮ ಮನೆಯವರೇ ಆಗಿರಬಹುದು; ಮಲಗಿಸಲ್ಪಡುವವರು ನಮ್ಮ ತಾಯಿಯೇ ಆಗಿರಬಹುದು. ಆ ಕರೆಗೆ ಬರುವವನು ನಿದ್ದೆ ಮುಗಿಸಿ ಎದ್ದವನಾಗಿರಬೇಕೋ, ಮೂರು ದಿನಗಳಿಂದ ಸರಿಯಾಗಿ ಮಲಗದವನಾಗಿರಬೇಕೋ ಎಂಬುದು ಆ ಕ್ಷಣದಲ್ಲಿ ನಮ್ಮ ಕೈಯಲ್ಲಿರುವುದಿಲ್ಲ. ಅದನ್ನು ತೀರ್ಮಾನಿಸುವ ಸ್ಥಳ ಜಮಾಅತ್‌ನ ಸಭೆ, ದಾನಿಯ ಮನೆಯ ಹಜಾರ, ಶಾಸಕರ ಕಚೇರಿ. ಮುಂದಿನ ಶುಕ್ರವಾರ ಜುಮಾ ಮುಗಿಸಿ ಮಸೀದಿಯಿಂದ ಹೊರಬರುವಾಗ ಅಂಗಳದಲ್ಲಿ ನಿಂತಿರುವ ಆಂಬುಲೆನ್ಸನ್ನು ನೋಡಿ, ಇದಕ್ಕೆ ಎಷ್ಟು ಮಂದಿ ಚಾಲಕರಿದ್ದಾರೆ ಎಂದು ಕಾರ್ಯದರ್ಶಿಯವರಲ್ಲಿ ಕೇಳಿ. ಉತ್ತರ ಒಬ್ಬನೇ ಎಂದಾದರೆ ಎರಡನೆಯವನ ಸಂಬಳಕ್ಕೆ ನಿಮ್ಮ ಪಾಲೆಷ್ಟು ಎಂಬುದನ್ನು ಅಲ್ಲಿಯೇ ಹೇಳಿಬಿಡಿ.